ಐಮಂಗಲವನ್ನು ನುಂಗಿ ಗಂಟೆ ಬಾರಿಸಿದ ಓರೆಗೆರೆಯವರ ಸನ್ನಿಧಾನಕ್ಕೆ

ಮಾನ್ಯರೇ,

ಕೀಲಿಮಣೆಯ ಬಲ ಅಂಚಿನಲ್ಲಿ, ಎಂಟರ್ ಗುಂಡಿಯ ನೆತ್ತಿಯ ಮೇಲೆ, ಯಾರ ತಂಟೆಗೂ ಹೋಗದವರಂತೆ ಹಿಂದಕ್ಕೆ ವಾಲಿಕೊಂಡು ಬಿಜಯಮಾಡಿಸಿರುವ, ಬಲ್ಲವರು ಬ್ಯಾಕ್‌ಸ್ಲ್ಯಾಷ್ ಎಂದೂ ನಾನು ಓರೆಗೆರೆ ಎಂದೂ ಕರೆಯುವ ತಮಗೆ ಚಿತ್ರದುರ್ಗದಿಂದ ಜಯಶೀಲಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಕ್ಷೇಮವಾಗಿಯೇ ಇದ್ದೀರಿ ಎಂಬುದು ಉಳಿದ ಗುಂಡಿಗಳ ಅಕ್ಷರ ಅಳಿಸಿಹೋಗಿದ್ದರೂ ತಮ್ಮ ಗುಂಡಿಯ ಬಣ್ಣ ಹೊಸದರಂತೆ ಹೊಳೆಯುತ್ತಿರುವುದರಿಂದಲೇ ತಿಳಿಯುತ್ತದೆ. ಈ ಪತ್ರವನ್ನು ತಮಗೊಬ್ಬರಿಗೇ ಗುಟ್ಟಾಗಿ ಬರೆಯಬಹುದಿತ್ತು. ಆದರೆ ತಾವು ನಮ್ಮ ಜಿಲ್ಲೆಗೆ ಮಾಡಿದ ಉಪಕಾರ ನಾಲ್ಕು ಜನರಿಗೆ ಗೊತ್ತಾಗದೆ ಹೋದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮಗೆ ನನ್ನ ಪರಿಚಯ ಇರಲಾರದು. ದುರ್ಗದಲ್ಲಿ ಒಂದು ಬೇಕರಿಯ ಮಹಡಿಯ ಮೇಲಿರುವ ಖಾಸಗಿ ಕಚೇರಿಯಲ್ಲಿ ನಾನು ಎಂಜಿನಿಯರು. ಯಾವ ಊರಿನ ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತದೆ, ಎಲ್ಲಿ ವೋಲ್ಟೇಜು ಕುಸಿಯುತ್ತದೆ, ಯಾವ ಟ್ರಾನ್ಸ್‌ಫಾರ್ಮರಿಗೆ, ಅಂದರೆ ಊರವರ ಬಾಯಲ್ಲಿ ಯಾವ ಟಿ.ಸಿ.ಗೆ, ಹೊರೆ ಹೆಚ್ಚಾಗಿದೆ ಎಂಬುದನ್ನೆಲ್ಲ ಕಂಬ ಹತ್ತದೆ, ಬಿಸಿಲಿಗೆ ಹೋಗದೆ, ಕಂಪ್ಯೂಟರಿನೊಳಗೇ ಸುಳ್ಳು ಕರೆಂಟು ಹರಿಸಿ ನಿಜವಾದ ಲೆಕ್ಕ ತೆಗೆಯುವುದು ನಮ್ಮ ಕಸುಬು. ಜಿಲ್ಲೆಯ ಊರೂರಿಗೂ ಒಂದೊಂದು ಫೈಲು ಇದೆ. ಅವನ್ನು ಒಂದೊಂದಾಗಿ ತೆರೆದು, ಕರೆಂಟು ಹರಿಸಿ, ಫಲಿತಾಂಶ ಬರೆದುಕೊಂಡು ಮುಂದಿನ ಊರಿಗೆ ಹೋಗುವಂತೆ ನನ್ನ ಸಹೋದ್ಯೋಗಿ ಮಾರುತೇಶ್ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಾನೆ. ಅದರಲ್ಲಿ ತಮಗೆ ವಹಿಸಿದ್ದ ಕೆಲಸ ಬಹಳ ಹಗುರವಾದದ್ದು: ‘ದುರ್ಗ’ ಎಂಬ ಫೋಲ್ಡರಿನ ಹೆಸರಿಗೂ ಅದರೊಳಗಿನ ಊರಿನ ಹೆಸರಿಗೂ ನಡುವೆ ಹೊಸಿಲಿನ ಹಾಗೆ ಸುಮ್ಮನೆ ಬಿದ್ದಿರುವುದು.

ಮಾರುತೇಶನ ಬಗ್ಗೆ ಎರಡು ಮಾತು ಹೇಳದೆ ತಮ್ಮ ಲೀಲೆ ಅರ್ಥವಾಗುವುದಿಲ್ಲ. ಆತ ಇಂಗ್ಲಿಷಿನಲ್ಲಿ ಏನು ಬರೆದರೂ ಚಿಕ್ಕಕ್ಷರದಲ್ಲೇ ಬರೆಯುತ್ತಾನೆ. ದೊಡ್ಡಕ್ಷರಕ್ಕಾಗಿ ಶಿಫ್ಟ್ ಗುಂಡಿ ಒತ್ತುವುದೆಂದರೆ ಅವನ ಕಿರುಬೆರಳಿಗೆ ಭಾರಿ ಸಂಕಟ. ಇನ್ನೊಂದು, ಆತ ಯಾರಿಂದಲೂ ಬೈಸಿಕೊಳ್ಳಲಾರ. ಮೊದಮೊದಲು ಯಾವುದಾದರೂ ಫೈಲು ತೆರೆಯದಿದ್ದರೆ ಇಡೀ ಪ್ರೋಗ್ರಾಂ ಕೆಂಪಕ್ಷರದಲ್ಲಿ ಅವನನ್ನು ಬೈದು ನಿಂತುಬಿಡುತ್ತಿತ್ತು. ಅದನ್ನು ಸಹಿಸದೆ, ‘ಫೈಲು ತೆರೆಯದಿದ್ದರೆ ಗಲಾಟೆ ಮಾಡಬೇಡ, ಆ ಊರಿನ ಲೋಡು ಸೊನ್ನೆ ಎಂದು ಬರೆದುಕೊಂಡು ಮುಂದೆ ನಡೆ’ ಎಂಬರ್ಥದ ಒಂದು ಸಾಲನ್ನು ಸೇರಿಸಿದ. ಅಂದಿನಿಂದ ಕಚೇರಿಯಲ್ಲಿ ಶಾಂತಿ ನೆಲೆಸಿತು.

ಆ ಶಾಂತಿಯಲ್ಲಿ ತಾವು ಹಾಯಾಗಿ ಊಟಕ್ಕೆ ಕೂತಿರಿ. ಹಿರಿಯೂರು ಬಂತು, ಹೊಸದುರ್ಗ ಬಂತು, ಹೊಳಲ್ಕೆರೆ ಬಂತು, ಧರ್ಮಪುರ, ಸಿರಿಗೆರೆ ಎಲ್ಲವೂ ಪರದೆಯ ಮೇಲೆ ನೆಟ್ಟಗೆ ಮೂಡಿ ಲೆಕ್ಕ ಕೊಟ್ಟು ಹೋದವು. ಐಮಂಗಲದ ಸರದಿ ಬಂದಾಗ ಮಾತ್ರ ಕಂಪ್ಯೂಟರಿನ ಹೊಟ್ಟೆಯೊಳಗಿಂದ ‘ಟಿಣ್’ ಎಂದು ಗಂಟೆಯ ಸದ್ದು ಬಂತು. ಪರದೆಯ ಮೇಲೆ ತಾವೂ ಇಲ್ಲ, ಇಂಗ್ಲಿಷಿನಲ್ಲಿ ಬರೆದ ಊರಿನ ಹೆಸರಿನ ಮೊದಲಕ್ಷರವಾದ ‘ಎ’ ಕೂಡ ಇಲ್ಲ. ಉಳಿದ ಇಮಂಗಲವು ಹಿಂದಿನ ದುರ್ಗಕ್ಕೆ ಹೋಗಿ ಅಂಟಿಕೊಂಡು ‘ದುರ್ಗಾಯಿಮಂಗಲ’ ಎಂದು ಓದುವಂತಾಗಿತ್ತು. ಮಾರುತೇಶ್ ಕುರ್ಚಿ ಬಿಟ್ಟು ಎದ್ದೇಬಿಟ್ಟ. “ಮೇಡಂ, ದುರ್ಗಾಯಿ ಮಂಗಲ ಅಂತ ಬಂದೈತೆ ನೋಡ್ರಿ, ಗಂಟೆನೂ ಆತು! ಅಮ್ಮನೋರ ಮಂಗಳಾರತಿ ಇದು, ಇನ್ ನಮ್ ರಿಪೋರ್ಟಿಗೆ ಯಾರೂ ಕೊಕ್ಕೆ ಹಾಕಂಗಿಲ್ಲ” ಎಂದು ಕೈಮುಗಿದ. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ; ಆದರೂ ಎದ್ದು ನಿಂತೆ.

ಅಂದಿನಿಂದ ಪ್ರೋಗ್ರಾಂ ಓಡಿಸುವ ಮುಂಚೆ ಮಾರುತೇಶ್ ಚಪ್ಪಲಿ ಬಿಡತೊಡಗಿದ. ಕೆಳಗಿನ ಬೇಕರಿಯ ಶಿವಯ್ಯನವರು ಗಂಟೆಯ ಸದ್ದು ಕೇಳಿ, ಮಹಡಿಯ ಮೇಲೆ ಏನೋ ಪೂಜೆ ನಡೆಯುತ್ತಿದೆಯೆಂದು ದಿಲ್‌ಪಸಂದ್ ಕಳಿಸಿದರು. ಅದನ್ನು ಮಾನಿಟರಿನ ಮುಂದಿಟ್ಟು, ಆಮೇಲೆ ನಾವೇ ತಿಂದೆವು. ಗಂಟೆಯಾಯಿತೆಂದರೆ ಲೆಕ್ಕ ಸರಿಯಾಯಿತು ಎಂಬುದು ಕಚೇರಿಯ ಕಾನೂನೇ ಆಗಿಹೋಯಿತು. ಒಂದು ಊರು ಸಾಯುವಾಗ ಹೊರಡುವ ಸದ್ದಿಗೆ ನಾವು ಊದಿನಕಡ್ಡಿ ಹಚ್ಚುತ್ತಿದ್ದೇವೆಂದು ತಿಳಿದೂ ತಾವು ತುಟಿಪಿಟಕ್ಕೆನ್ನಲಿಲ್ಲ. ತಮ್ಮ ಸಂಯಮಕ್ಕೆ ನನ್ನ ಮೊದಲನೆಯ ಅಭಿನಂದನೆ.

ನಮ್ಮ ವರದಿ ಮೇಲಿನ ಕಚೇರಿಗೆ ಹೋಯಿತು. ಅಲ್ಲಿನ ಸಾಹೇಬರು ಶ್ರದ್ಧೆಯಿಂದ ಓದುವವರು. ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಐಮಂಗಲದ ಎದುರು ‘ಲೋಡು ಸೊನ್ನೆ’ ಎಂದಿರುವುದನ್ನು ಕಂಡು, ಒಂದು ದೀಪವೂ ಉರಿಯದ ಊರಿನಲ್ಲಿ ಟಿ.ಸಿ. ಇಟ್ಟು ಮಾಡುವುದೇನು, ಅದನ್ನು ಬಿಚ್ಚಿ ಹೊಳಲ್ಕೆರೆ ಕಡೆ ಹೊರೆ ಹೆಚ್ಚಾದ ಒಂದು ಹಳ್ಳಿಗೆ ಸಾಗಿಸಿ ಎಂದು ಟಿಪ್ಪಣಿ ಬರೆದರು. ಮುಂದಿನ ಸಭೆಯಲ್ಲಿ ಸಹಿ ಬಿದ್ದರೆ ಮುಗಿಯಿತು, ಕ್ರೇನು ಬರುತ್ತಿತ್ತು. ಹೆದ್ದಾರಿಯ ಪಕ್ಕದಲ್ಲಿ ಊರೆಂಬ ಊರು ಇದೆ, ಮನೆಗಳಿವೆ, ಮೋಟಾರುಗಳಿವೆ, ಸಂಜೆಯಾದರೆ ಎಲ್ಲವೂ ಒಟ್ಟಿಗೆ ನರಳುತ್ತವೆ ಎಂಬುದನ್ನು ಬಸ್ಸಿನ ಕಿಟಕಿಯಿಂದ ಯಾರಾದರೂ ನೋಡಬಹುದಿತ್ತು. ಆದರೆ ವರದಿ ಇರುವಾಗ ಕಿಟಕಿಯಿಂದ ನೋಡುವವರು ಯಾರು?

ಆ ಊರು ನನ್ನ ಊರು, ಸ್ವಾಮಿ. ನನ್ನನ್ನು ಸಾಕಿದ ದೊಡ್ಡಮ್ಮ ಕಾಟಮ್ಮ ಅಲ್ಲಿದ್ದಾಳೆ. ಅವಳ ಬಳಿ ಉಣ್ಣೆ ಎಕ್ಕುವ ಒಂದು ಯಂತ್ರವಿದೆ. ಸುತ್ತಲಿನ ಹಟ್ಟಿಗಳ ಕುರಿಯವರೆಲ್ಲ ಕತ್ತರಿಸಿದ ಉಣ್ಣೆಯನ್ನು ಮೂಟೆ ಕಟ್ಟಿ ಅವಳ ಬಾಗಿಲಿಗೆ ತರುತ್ತಾರೆ, ಅದು ಗಂಟು ಬಿಡಿಸಿಕೊಂಡು ಹಗುರಾಗಿ ಆಚೆ ಬಂದರೆ ಕಂಬಳಿಗೆ ನೂಲಾಗುತ್ತದೆ. ನಾನು ಎಂಜಿನಿಯರಾದದ್ದು ಆ ಯಂತ್ರ ಎಕ್ಕಿದ ಉಣ್ಣೆಯಿಂದ. ಈಗಾಗಲೇ ವೋಲ್ಟೇಜು ಸಾಲದೆ ಸಂಜೆ ಹೊತ್ತು ಅದು ಮುಕ್ಕಾಲು ಮೂಟೆ ಉಣ್ಣೆ ಬಾಯಿಗೆ ಹಾಕಿಕೊಂಡು ನಿಂತುಬಿಡುತ್ತದೆ. ಇದ್ದ ಟಿ.ಸಿ.ಯೂ ಹೋದರೆ ದೊಡ್ಡಮ್ಮ ಅದಕ್ಕೆ ಕಂಬಳಿ ಹೊದಿಸಿ ಮಲಗಿಸಬೇಕಾಗುತ್ತಿತ್ತು. ನಾನೇ ಸಹಿ ಹಾಕಿದ ವರದಿಯಿಂದ ಅವಳ ಮನೆಯ ಕರೆಂಟು ಹೋಗುವುದೆಂದು ತಿಳಿದಾಗ ಆ ವರದಿಯನ್ನು ಮೊದಲ ಬಾರಿಗೆ ಓದಿ ನೋಡಿದೆ.

ಸುದ್ದಿ ಅವಳಿಗೆ ಮುಟ್ಟಿಸಿದವನು ಅಲ್ಲಿನ ಲೈನ್‌ಮ್ಯಾನ್ ಮುದ್ದಣ್ಣ. ಸಭೆಯ ದಿನ ಬೆಳಗಿನ ಬಸ್ಸಿಗೇ ದೊಡ್ಡಮ್ಮ ದುರ್ಗಕ್ಕೆ ಬಂದು ಇಳಿದಳು, ಸಾಕ್ಷಿಗೆಂದು ಎಕ್ಕಿದ ಉಣ್ಣೆಯ ಒಂದು ಮೂಟೆಯನ್ನೂ ಹೊತ್ತು ತಂದಿದ್ದಳು. “ಲೇ ಜಯಾ, ನಮ್ಮೂರಾಗೆ ಕರೆಂಟೇ ಉರಿಯಲ್ಲ ಅಂತ ಬರದೀಯಂತಲ್ಲೇ, ಇದನ್ನೇನು ನಾನು ಹಲ್ಲಾಗೆ ಎಕ್ಕಿದೆನಾ?” ಎಂದು ಮೂಟೆಯನ್ನು ಮಾರುತೇಶನ ಮೇಜಿನ ಮೇಲೆ ಬಿಚ್ಚಿದಳು. ಕೀಲಿಮಣೆ ಉಣ್ಣೆಯೊಳಗೆ ಮುಚ್ಚಿಹೋಯಿತು. ತಾವೂ ಅದರ ಕೆಳಗೇ ಇದ್ದಿರಿ, ಬೆಚ್ಚಗಿದ್ದಿರೆಂದು ಭಾವಿಸುತ್ತೇನೆ.

ಆಮೇಲೆ ನಾವು ಪಟ್ಟ ಪಾಡನ್ನು ತಾವು ಹತ್ತಿರದಿಂದ ನೋಡಿದ್ದೀರಿ. ಬಾಯಿ ಮುಚ್ಚಿಸುವ ಆ ಒಂದು ಸಾಲನ್ನು ತೆಗೆದ ಕೂಡಲೇ ಪ್ರೋಗ್ರಾಂ ಅಷ್ಟು ದಿನದ ಸಿಟ್ಟನ್ನೆಲ್ಲ ಕಾರಿಕೊಂಡು ‘ಇಂಥ ಫೈಲೇ ಇಲ್ಲ’ ಎಂದು ಕೆಂಪಾಗಿ ಕೂಗಿತು. ಫೋಲ್ಡರು ತೆರೆದು ನೋಡಿದರೆ ಐಮಂಗಲದ ಫೈಲು ಅಲ್ಲೇ ಇದೆ. ಇಲಿಯಿಂದ ಎರಡು ಸಲ ಒತ್ತಿದರೆ ಬಾಯ್ಬಿಟ್ಟು ತೆರೆಯುತ್ತದೆ. ಪ್ರೋಗ್ರಾಂ ಕರೆದರೆ ಮಾತ್ರ ಇಲ್ಲ. ಬೇರೆ ಕಡೆ ತೆರೆದಿಟ್ಟದ್ದನ್ನೆಲ್ಲ ಮುಚ್ಚಿದೆವು, ಓದುವ ಅನುಮತಿ ಇದೆಯೋ ಎಂದು ಪರೀಕ್ಷಿಸಿದೆವು, ವೈರಸ್ ಹುಡುಕಿದೆವು, ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿದೆವು, ಪಕ್ಕದ ಕಂಪ್ಯೂಟರಿಗೆ ಹೋದೆವು. ಅಲ್ಲಿಯೂ ಗಂಟೆ, ಅಲ್ಲಿಯೂ ಮಂಗಲ. “ಇದೇನಪ್ಪ, ಯಾವ ಭಾಷೇಲಿ ಬರದೀಯ ಇದನ್ನ?” ಎಂದು ದೊಡ್ಡಮ್ಮ ಕೇಳಿದಳು. ಪೈಥಾನ್ ಎಂದರೆ ಹೆಬ್ಬಾವು ಅಜ್ಜಿ ಎಂದು ಮಾರುತೇಶ್ ಬಿಡಿಸಿ ಹೇಳಿದ. “ಹೆಬ್ಬಾವಿನ ಬಾಯಿಗೆ ಊರು ಕೊಟ್ಟು, ಊರು ಎಲ್ಲೋಯ್ತು ಅಂತ ಹುಡುಕ್ತೀರಲ್ರೋ” ಎಂದಳು.

ದೊಡ್ಡಮ್ಮನಿಗೆ ಇಂಗ್ಲಿಷು ಬಾರದು. ಆದರೆ ಊರ ಹೆಸರು ಹೇಗೆ ಕಾಣುತ್ತದೆ ಎಂಬುದು ಗೊತ್ತು, ಏಕೆಂದರೆ ಅವಳ ಮನೆಯ ಎದುರಿಗೇ ಹೆದ್ದಾರಿಯ ಹಸಿರು ಹಲಗೆ ಇದೆ. ನಮ್ಮೂರ ಹೆಸರು ಎಲ್ಲಿ ತೋರಿಸು ಎಂದಳು, ಮಾರುತೇಶ್ ತೋರಿಸಿದ, ಅವಳಿಗೆ ಕೋಪ ನೆತ್ತಿಗೇರಿತು. “ಇದಾ ನಮ್ಮೂರು? ಬೋರ್ಡಿನಾಗೆ ಮೊದಲನೇ ಅಕ್ಷರ ಗುಡಿ ಗೋಪುರದಂಗೆ ಐತೆ, ನೀನು ಇರುವೆ ತತ್ತಿಯಂಗೆ ಬರದೀಯಲ್ಲೋ! ಊರಿಗೊಂದು ಮರ್ಯಾದೆ ಬ್ಯಾಡ್ವಾ? ಮೊದ್ಲು ಅದನ್ನ ದೊಡ್ಡದು ಮಾಡು, ಆಮ್ಯಾಲೆ ಮಿಕ್ಕಿದ್ದು” ಎಂದು ಹಟ ಹಿಡಿದಳು. ಸಾಯಲಿ, ಮುದುಕಿಯ ಬಾಯಿ ಮುಚ್ಚಿದರೆ ಸಾಕೆಂದು ಮಾರುತೇಶ್ ಉಣ್ಣೆ ಸರಿಸಿ, ಜನ್ಮದಲ್ಲಿ ಮೊದಲ ಬಾರಿಗೆ ಶಿಫ್ಟ್ ಒತ್ತಿ, ದೊಡ್ಡ ‘ಎ’ ಹಾಕಿದ.

ಗಂಟೆ ಆಗಲಿಲ್ಲ. ಅಮ್ಮನವರು ಮುನಿದರೆಂದು ಮಾರುತೇಶ್ ಓಡಿಹೋಗಲು ಚಪ್ಪಲಿ ಹುಡುಕತೊಡಗಿದ. ಅಷ್ಟರಲ್ಲಿ ಪರದೆಯ ಮೇಲೆ ಐಮಂಗಲ ಪೂರ್ತಿಯಾಗಿ, ತಲೆ ಸಮೇತ ಮೂಡಿತು, ಫೈಲು ತೆರೆಯಿತು, ಲೆಕ್ಕ ಬಂತು: ಜಿಲ್ಲೆಯಲ್ಲೇ ಅತಿ ಹೆಚ್ಚು ಹೊರೆ, ಸಂಜೆಯ ವೋಲ್ಟೇಜು ಪಾತಾಳದಲ್ಲಿ. ಸೊನ್ನೆ ಎನಿಸಿಕೊಂಡಿದ್ದ ಊರು ಉಳಿದೆಲ್ಲ ಊರಿಗಿಂತ ಹೆಚ್ಚು ನರಳುತ್ತಿತ್ತು. ಮರ್ಯಾದೆ ಕೊಟ್ಟದ್ದಕ್ಕೇ ಹೀಗಾಯಿತೆಂದು ದೊಡ್ಡಮ್ಮನಿಗೆ ಒಂದಿಷ್ಟೂ ಅಚ್ಚರಿಯಾಗಲಿಲ್ಲ. ಯಾಕೆ ಹೀಗಾಯಿತೆಂದು ಎಂಜಿನಿಯರುಗಳಾದ ನಮಗೆ ಒಂದಿಷ್ಟೂ ಅರ್ಥವಾಗಲಿಲ್ಲ.

ಕೆಲಸ ಅಲ್ಲಿಗೆ ಮುಗಿದಿದ್ದರೆ ಈ ಪತ್ರದ ತೊಂದರೆ ತಮಗಿರುತ್ತಿರಲಿಲ್ಲ. ಆದರೆ ಮರ್ಯಾದೆಯ ರುಚಿ ಹತ್ತಿದ ಮಾರುತೇಶ್ ಜಿಲ್ಲೆಯ ಊರೂರಿಗೂ ದೊಡ್ಡಕ್ಷರ ತೊಡಿಸಿದ. ಐಮಂಗಲದ ಹಾಗೆಯೇ, ಆದರೆ ಗಂಟೆಯಿಲ್ಲದೆ, ಸೊನ್ನೆಯಾಗಿ ಕೂತಿದ್ದ ಭರಮಸಾಗರಕ್ಕೆ ತೊಡಿಸಿದ, ತುರುವನೂರಿಗೆ ತೊಡಿಸಿದ, ಕಡೆಗೆ ನಾಯಕನಹಟ್ಟಿಗೂ ತೊಡಿಸಿದ; ಅಷ್ಟೇ, ಇಡೀ ಪ್ರೋಗ್ರಾಂ ಒಂದು ಹೆಜ್ಜೆಯೂ ಇಡದೆ ಬಾಗಿಲಲ್ಲೇ ಕುಸಿದುಬಿತ್ತು. ಈಗ ಐಮಂಗಲವೊಂದೇ ಅಲ್ಲ, ಹಿರಿಯೂರಿಲ್ಲ, ಹೊಳಲ್ಕೆರೆಯಿಲ್ಲ, ಜಿಲ್ಲೆಯೇ ಇಲ್ಲ. ಮಧ್ಯಾಹ್ನದ ಊಟವಾದ ಮೇಲೆ ಸಭೆ. ದೊಡ್ಡಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತು ಶಿವಯ್ಯನವರ ಬನ್ನು ತಿನ್ನುತ್ತ ನಮ್ಮನ್ನೇ ನೋಡುತ್ತಿದ್ದಳು.

ಆಗ ನಾನು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು, ಅಂದರೆ ಪೈಥಾನಿನ ಕೈಪಿಡಿ ಓದುವುದನ್ನು, ಮಾಡಿದೆ. ತಮ್ಮ ಜಾತಕ ಅಲ್ಲಿ ಸಿಕ್ಕಿತು. ತಾವು ಬರಿಯ ಹೊಸಿಲಲ್ಲವಂತೆ, ಕೆಲವು ಅಕ್ಷರ ಪಕ್ಕಕ್ಕೆ ಬಂದು ಕೂತರೆ ಅವನ್ನು ಕರೆದುಕೊಂಡು ವೇಷ ಬದಲಿಸುತ್ತೀರಂತೆ. ಚಿಕ್ಕ ‘ಎ’ ಬಂದರೆ ಇಬ್ಬರೂ ಸೇರಿ ಗಂಟೆಯಾಗುತ್ತೀರಿ, ಅದೇ ನಮ್ಮ ಮಂಗಳಾರತಿ; ದೊಡ್ಡ ‘ಎ’ ಬಂದರೆ ಗುರುತೇ ಇಲ್ಲದವರಂತೆ ಸುಮ್ಮನೆ ಬಿದ್ದಿರುತ್ತೀರಿ. ಚಿಕ್ಕ ‘ಟಿ’ ಬಂದರೆ ಖಾಲಿ ಜಾಗವಾಗುತ್ತೀರಿ, ಹಾಗಾಗಿ ತುರುವನೂರು ದೂರ ಸರಿದು ಉರುವನೂರಾಯಿತು. ‘ಬಿ’ ಬಂದರೆ ಒಂದು ಹೆಜ್ಜೆ ಹಿಂದಿಟ್ಟು ಹಿಂದಿನವರ ಕಾಲು ತುಳಿಯುತ್ತೀರಿ, ‘ಎನ್’ ಬಂದರೆ ಸಾಲು ಮುರಿದು ಕೆಳಕ್ಕೆ ಹಾರುತ್ತೀರಿ. ಆ ‘ಎನ್’ಗೆ ದೊಡ್ಡಕ್ಷರದ ಪೇಟ ತೊಡಿಸಿದರಂತೂ ಏನೋ ದೊಡ್ಡ ಗುಟ್ಟು ಕೇಳುತ್ತಿದ್ದಾರೆಂದು ತಿಳಿದು ಮೂರ್ಛೆ ಹೋಗುತ್ತೀರಿ, ನಾಯಕನಹಟ್ಟಿಯಲ್ಲಿ ಆದದ್ದು ಅದೇ. ‘ಎಚ್’, ‘ಡಿ’, ‘ಎಸ್’ ಬಂದರೆ ಮಾತ್ರ ಸಂಭಾವಿತರಂತೆ ತೆಪ್ಪಗಿರುತ್ತೀರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳವರು ತಮಗೆ ಅದೇನು ಕೊಟ್ಟು ಒಲಿಸಿಕೊಂಡಿದ್ದಾರೋ, ಇದ್ದರೆ ನಮಗೂ ಹೇಳಿಕೊಡಬೇಕು.

ಹೊತ್ತಾಗಿತ್ತು. ತಮ್ಮನ್ನು ಒಂದೊಂದೇ ಜಾಗದಿಂದ ಎಬ್ಬಿಸಿ, ಕೀಲಿಮಣೆಯ ಕೆಳಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಜೊತೆ ಒಂದೇ ಕೋಣೆಯಲ್ಲಿ ಬಾಡಿಗೆಗಿರುವ, ಮುಂದಕ್ಕೆ ವಾಲಿದ ತಮ್ಮ ದಾಯಾದಿ ಗೆರೆಯವರನ್ನು ಅಲ್ಲಿ ಕೂರಿಸಿದೆವು. ಅವರು ಒಂದು ಮಾತೂ ಆಡದೆ ಚಿಕ್ಕಕ್ಷರ ದೊಡ್ಡಕ್ಷರ ಎಂಬ ಭೇದವಿಲ್ಲದೆ ಎಲ್ಲ ಊರನ್ನೂ ಒಳಗೆ ಬಿಟ್ಟುಕೊಂಡರು. ಬಿಸಿ ಆರದ ವರದಿಯನ್ನು ಹಿಡಿದು ಸಭೆಗೆ ಓಡಿದೆವು. ಹೋದ ಸಲ ಸೊನ್ನೆಯಿದ್ದ ಊರು ಈ ಸಲ ಜಿಲ್ಲೆಗೇ ಮೊದಲನೆಯದಾಯಿತೇ, ಅದು ಹೇಗೆ ಎಂದು ಸಾಹೇಬರು ಕೇಳಿದರು. ನಾನು ಸತ್ಯವನ್ನೇ ಹೇಳಿದೆ: “ಒಂದು ಲೈನು ಹಿಂದಕ್ಕೆ ವಾಲಿತ್ತು ಸರ್, ಮುಂದಕ್ಕೆ ವಾಲಿಸಿದೆವು.”

ಸಾಹೇಬರ ಮುಖ ಅರಳಿತು. ವಿದ್ಯುತ್ತಿನವರ ಕಿವಿಗೆ ಲೈನು ಎಂದರೆ ಒಂದೇ ಅರ್ಥ. ಬಿದ್ದುಹೋಗುತ್ತಿದ್ದ ಲೈನನ್ನು ಇಷ್ಟು ಬೇಗ ನೆಟ್ಟಗೆ ಮಾಡಿದ ಆ ಲೈನ್‌ಮ್ಯಾನ್ ಯಾರು, ಇಂಥವರು ಇಲಾಖೆಗೆ ಬೇಕು ಎಂದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, “ಮುದ್ದಣ್ಣ ಸಾಮಿ, ಬಲು ಒಳ್ಳೇನು” ಎಂದು ಕೂಗಿದಳು. ಟಿ.ಸಿ. ಬಿಚ್ಚುವ ಟಿಪ್ಪಣಿ ರದ್ದಾಯಿತು. ಅದರ ಪಕ್ಕದಲ್ಲೇ ಇನ್ನೊಂದು ಟಿ.ಸಿ. ಕೂರಿಸಬೇಕೆಂದು ಸಹಿ ಬಿತ್ತು. ಮುದ್ದಣ್ಣನಿಗೆ ಶಾಲು ಹೊದಿಸಬೇಕೆಂದೂ, ಜಿಲ್ಲೆಯ ಎಲ್ಲ ಲೈನುಗಳನ್ನೂ ಇದೇ ರೀತಿ ಮುಂದಕ್ಕೆ ವಾಲಿಸಬೇಕೆಂದೂ ಆದೇಶವಾಯಿತು. ಈಗ ಧರ್ಮಪುರದ ಕಡೆ ನೆಟ್ಟಗಿದ್ದ ಕಂಬಗಳನ್ನು ಮುಂದಕ್ಕೆ ವಾಲಿಸುವ ಕೆಲಸ ಭರದಿಂದ ಸಾಗಿದೆ ಎಂದು ಕೇಳಿದ್ದೇನೆ. ಮುದ್ದಣ್ಣ ಶಾಲು ಹೊದ್ದ ಫೋಟೊ ಹಿಡಿದು, ತಾನು ಏನು ಮಾಡಿದೆನೆಂದು ಇಂದಿಗೂ ಎಲ್ಲರನ್ನೂ ಕೇಳುತ್ತಿದ್ದಾನೆ.

ಕೊನೆಯದಾಗಿ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಮುಂದೆ ಯಾವ ಯಾವ ಅಕ್ಷರ ತಿನ್ನಬೇಕೆಂದಿದ್ದೀರೋ ಮೊದಲೇ ತಿಳಿಸಿದರೆ ಆಯಾ ಊರಿನವರು ಗ್ರಾಮಸಭೆ ಸೇರಿ, ಹಿರಿಯರ ಒಪ್ಪಿಗೆ ಪಡೆದು, ಊರಿನ ಹೆಸರನ್ನೇ ‘ಹ’ದಿಂದ ಶುರುಮಾಡಿಕೊಳ್ಳುತ್ತಾರೆ; ಹೈಮಂಗಲ ಎನ್ನಲು ನನಗೇನೂ ಬೇಸರವಿಲ್ಲ, ದೊಡ್ಡಮ್ಮನನ್ನು ಒಪ್ಪಿಸುವ ಹೊಣೆ ಮಾತ್ರ ತಮ್ಮದು. ಗಂಟೆ ಬಾರಿಸಲೇಬೇಕೆಂಬ ಆಸೆಯಿದ್ದರೆ ಕರೆಂಟು ಹೋಗುವ ಸ್ವಲ್ಪ ಮುಂಚೆ ಊರಿನಲ್ಲೇ ಬಾರಿಸಬೇಕು, ಯಂತ್ರದ ಬಾಯಿಂದ ಉಣ್ಣೆ ತೆಗೆದುಕೊಳ್ಳಲು ದೊಡ್ಡಮ್ಮನಿಗೆ ಅನುಕೂಲವಾಗುತ್ತದೆ. ಬಿಡುವಾದಾಗ ಒಮ್ಮೆ ಐಮಂಗಲಕ್ಕೆ ಬಂದು, ತಾವು ಬಾಯಿಗೆ ಹಾಕಿಕೊಂಡದ್ದು ಎಷ್ಟು ದೊಡ್ಡ ಊರೆಂದು ಒಂದು ಸುತ್ತು ನಡೆದು ನೋಡಬೇಕು. ಹೆದ್ದಾರಿ ದಾಟುವಾಗ ಜೋಪಾನ, ಲಾರಿಯವರು ಗೆರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇವಾವುವೂ ಆಗದಿದ್ದರೆ, ಒಂದೇ ಒಂದು ದಿನ ನೆಟ್ಟಗೆ ನಿಂತು ತೋರಿಸಬೇಕು.

ತಮ್ಮ ಗಂಟೆಯನ್ನು ನಂಬಿ ಎದ್ದು ನಿಂತು ಕೈಮುಗಿದ, ಇನ್ನು ಮೇಲೆ ಕೂತೇ ಇರುವ,

ತಮ್ಮ ವಿಶ್ವಾಸಿ,
ಜಯಶೀಲಾ
ಬೇಕರಿಯ ಮಹಡಿ, ಚಿತ್ರದುರ್ಗ

ಬಾಲಂಗೋಚಿ: ಈ ಪತ್ರವನ್ನು ಕಂಪ್ಯೂಟರಿನಲ್ಲಿ ಉಳಿಸಿಡುವಾಗ, ಗೌರವಕ್ಕಿರಲೆಂದು, ಫೈಲಿಗೆ ತಮ್ಮ ಹೆಸರನ್ನೇ, ಅಂದರೆ ತಮ್ಮ ಗುಂಡಿಯನ್ನೇ ಒತ್ತಿ ಇಡಲು ಹೋದೆ. ಆ ಗುರುತನ್ನು ಯಾವ ಫೈಲಿನ ಹೆಸರಿನಲ್ಲೂ ಬಳಸುವಂತಿಲ್ಲ ಎಂದು ಕಂಪ್ಯೂಟರು ಖಡಾಖಂಡಿತವಾಗಿ ಹೇಳಿತು. ಅಂದರೆ ಐಮಂಗಲಕ್ಕೊಂದು ಫೈಲಿದೆ, ತಮಗಿಲ್ಲ. ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದೆ. ಹಿಂದಿನಿಂದ ಯಂತ್ರದ ಸದ್ದು ಜೋರಾಗಿದ್ದರಿಂದ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ ಮೇಲೆ, “ಪಾಪ, ಅದರ ಲೋಡು ಸೊನ್ನೆ ಅಂತ ಬರಕೊಂಡು ಮುಂದಕ್ಕೆ ಹೋಗು” ಎಂದಳು.